ವಸಾಹತು ಕಾಲದ ಅಮೆರಿಕನ್ ಪೂರ್ವಜರನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ಪ್ರಶ್ನೆ: ನಮ್ಮ ಸೊಸೆ ಅಮೆರಿಕದವಳು. ಆಕೆಯ ತಾಯಿಯ ತವರಿನವರು 1630ರ ದಶಕದಲ್ಲಿ ಇಂಗ್ಲೆಂಡಿನಿಂದ ಮ್ಯಾಸಚೂಸೆಟ್ಸ್‌ಗೆ ಬಂದವರೆಂಬ ಮಾತು ಆ ಮನೆತನದಲ್ಲಿದೆ. ಬೀಗಿತ್ತಿಯವರ ಬಳಿ ಇರುವ ಹಳೆಯ ಬೈಬಲ್‌ನಲ್ಲಿ ಮನೆಯವರ ಜನನ, ಮದುವೆ, ಮರಣಗಳನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ಎಲ್ಲಕ್ಕಿಂತ ಹಿಂದಿನದು 1821ರಲ್ಲಿ ಪಶ್ಚಿಮ ನ್ಯೂಯಾರ್ಕ್‌ನಲ್ಲಿ ನಡೆದ ಒಂದು ಮದುವೆ. ವರ 1796ರಲ್ಲಿ ಹುಟ್ಟಿದವನು ಎಂದಷ್ಟೇ ಇದೆ, ಊರಿನ ಹೆಸರಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ವಂಶವೃಕ್ಷವೊಂದು ಅವನನ್ನು ಮ್ಯಾಸಚೂಸೆಟ್ಸ್‌ನ ಒಂದು ಮನೆತನಕ್ಕೂ ಅಲ್ಲಿಂದ ಇಂಗ್ಲೆಂಡಿನ ರಾಜನೊಬ್ಬನಿಗೂ ಜೋಡಿಸಿದೆ. ಮೊಮ್ಮಗಳಿಗೆ ಬರೆದುಕೊಡುವ ವಂಶಾವಳಿಯಲ್ಲಿ ಇದನ್ನು ಸೇರಿಸಬಹುದೇ? ಡಿಎನ್‌ಎ ಪರೀಕ್ಷೆ ಮಾಡಿಸಿದರೆ ವಿಷಯ ಇತ್ಯರ್ಥವಾಗುತ್ತದೆಯೇ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಸದ್ಯಕ್ಕೆ ಸೇರಿಸಬೇಡಿ. ರಾಜನ ಮಾತು ಹಾಗಿರಲಿ, 1796ರಲ್ಲಿ ಹುಟ್ಟಿದ ಈ ವರ ಯಾರ ಮಗ ಎಂಬುದೇ ಇನ್ನೂ ಗೊತ್ತಾಗಿಲ್ಲ. ಮೊದಲ ಹಡಗು, ಮೊದಲ ವಲಸಿಗ ಎಂದು ಜನ ತಲೆಕೆಡಿಸಿಕೊಳ್ಳುತ್ತಾರೆ, ಆದರೆ ನ್ಯೂ ಇಂಗ್ಲೆಂಡಿನ (ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಮೊದಲಾದ ಅಮೆರಿಕದ ಈಶಾನ್ಯ ರಾಜ್ಯಗಳ) ಮನೆತನಗಳಲ್ಲಿ ಕೊಂಡಿ ಕಳಚುವುದು ಸಾಮಾನ್ಯವಾಗಿ 1630ರಲ್ಲಿ ಅಲ್ಲ. ಸ್ವಾತಂತ್ರ್ಯ ಬಂದ ಮೇಲೆ, ಸುಮಾರು 1780ರಿಂದ 1850ರವರೆಗೆ, ಕುಟುಂಬಗಳು ಹಳೆಯ ಊರುಗಳನ್ನು ಬಿಟ್ಟು ಪಶ್ಚಿಮಕ್ಕೆ ಹೊರಟ ಕಾಲದಲ್ಲಿ ಅದು ಕಳಚುತ್ತದೆ. ನೀವು ಕೇಳಿರುವ ವ್ಯಕ್ತಿ ಸರಿಯಾಗಿ ಆ ಕಾಲದವನು.

ಮೊದಲು ಬೈಬಲ್ ನೋಡೋಣ. ಅದರ ಮುಖಪುಟದಲ್ಲಿ ಮುದ್ರಣವಾದ ವರ್ಷ ಇರುತ್ತದೆ. ಆ ಹಾಳೆಯ ಫೋಟೊ ಕಳಿಸುವಂತೆ ಬೀಗಿತ್ತಿಯವರನ್ನು ಕೇಳಿ. ಪುಸ್ತಕ 1840ರಲ್ಲಿ ಅಚ್ಚಾಗಿದ್ದರೆ 1821ರ ಮದುವೆಯನ್ನು ಅದರಲ್ಲಿ ಬರೆದದ್ದು ನೆನಪಿನಿಂದ ಅಥವಾ ಬೇರೆ ಪುಸ್ತಕದಿಂದ ಎಂದಾಯಿತು. ಎಲ್ಲ ದಾಖಲೆಗಳೂ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ ಇದ್ದರೆ ಅವನ್ನು ಒಂದೇ ಬಾರಿಗೆ ಕುಳಿತು ಬರೆದಿರುವ ಸಂಭವ ಹೆಚ್ಚು. ಹಾಗೆಂದು ಅವು ಸುಳ್ಳಾಗುವುದಿಲ್ಲ, ಆದರೆ ಘಟನೆ ನಡೆದಾಗಲೇ ಬರೆದ ದಾಖಲೆಗಿರುವ ತೂಕ ಅವಕ್ಕೆ ಇರುವುದಿಲ್ಲ.

ಮುಂದಿನದು ಜನಗಣತಿ. ಅಮೆರಿಕದ ರಾಷ್ಟ್ರೀಯ ಜನಗಣತಿ 1790ರಲ್ಲಿ ಆರಂಭವಾದರೂ 1840ರವರೆಗೆ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆದುಕೊಂಡು ಉಳಿದವರನ್ನು ವಯಸ್ಸಿನ ಗುಂಪುಗಳಲ್ಲಿ ಎಣಿಸಿ ಬಿಡುತ್ತಿದ್ದರು. ಸ್ವತಂತ್ರರಾಗಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ದಾಖಲಾದದ್ದು 1850ರಲ್ಲಿ. ಯಜಮಾನನಿಗೆ ಯಾರು ಏನಾಗಬೇಕು ಎಂಬುದೂ ತಂದೆತಾಯಿಗಳು ಹುಟ್ಟಿದ ರಾಜ್ಯವೂ ರಾಷ್ಟ್ರೀಯ ಜನಗಣತಿಯಲ್ಲಿ ಒಟ್ಟಿಗೆ ಸಿಗುವುದು 1880ರಲ್ಲಿ. ಆದ್ದರಿಂದ ಈ ವರ 1850ರಲ್ಲಿ ಬದುಕಿದ್ದನೇ, ಅವನ ಮಕ್ಕಳು 1880ರಲ್ಲಿ ತಂದೆಯ ಹುಟ್ಟೂರ ರಾಜ್ಯವನ್ನು ಯಾವುದೆಂದು ಹೇಳಿದರು ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ನಿಮ್ಮ ಅದೃಷ್ಟಕ್ಕೆ ನ್ಯೂಯಾರ್ಕ್ ರಾಜ್ಯ ತನ್ನದೇ ಆದ ಜನಗಣತಿಯನ್ನೂ ನಡೆಸುತ್ತಿತ್ತು. 1855ರ ರಾಜ್ಯ ಜನಗಣತಿಯಲ್ಲಿ ವ್ಯಕ್ತಿ ಆ ಊರಿಗೆ ಬಂದು ಎಷ್ಟು ವರ್ಷವಾಯಿತು ಎಂದೂ ಕೇಳಿದ್ದಾರೆ. ಜನನ ಮರಣಗಳ ನಿಯತ ನೋಂದಣಿ 1880ರ ದಶಕದವರೆಗೆ ನೆಲೆಗೊಳ್ಳದಿದ್ದ ಆ ರಾಜ್ಯದಲ್ಲಿ ಈ ಒಂದು ಕಾಲಂ ಬಹಳ ಕೆಲಸಕ್ಕೆ ಬರುತ್ತದೆ. ಬಂದ ವರ್ಷ ತಿಳಿದರೆ ಅವನು ಒಬ್ಬನೇ ಬಂದನೋ ತಂದೆತಾಯಿಗಳೊಡನೆ ಬಂದನೋ ಎಂಬುದನ್ನು ಊಹಿಸಬಹುದು.

1796ರಲ್ಲಿ ಹುಟ್ಟಿದವನ ತಂದೆ ಬಹುತೇಕ 1750-1770ರ ನಡುವೆ ಹುಟ್ಟಿದವನು, ಅಂದರೆ ಸ್ವಾತಂತ್ರ್ಯಯುದ್ಧದಲ್ಲಿ ಸೈನಿಕನಾಗುವ ವಯಸ್ಸಿನವನು. ಹಾಗಾಗಿ ಪಿಂಚಣಿ ಕಡತಗಳನ್ನು ತಪ್ಪದೆ ನೋಡಿ. 1818ರ ಕಾಯ್ದೆ ಬಡ ಸೈನಿಕರಿಗೆ ಮಾತ್ರ ಪಿಂಚಣಿ ಕೊಟ್ಟಿತು. 1832ರ ಕಾಯ್ದೆ ಬಡತನದ ಷರತ್ತನ್ನು ತೆಗೆದುಹಾಕಿತು. ಆ ಎರಡನೆಯ ಕಾಯ್ದೆಯಡಿ ಅರ್ಜಿ ಹಾಕಿದ ಮುದುಕರು ನ್ಯಾಯಾಲಯದಲ್ಲಿ ನಿಂತು, ತಾವು ಎಲ್ಲಿ ಯಾವಾಗ ಹುಟ್ಟಿದೆವು, ಸೈನ್ಯಕ್ಕೆ ಸೇರಿದಾಗ ಯಾವ ಊರಿನಲ್ಲಿದ್ದೆವು, ಯುದ್ಧ ಮುಗಿದ ಮೇಲೆ ಎಲ್ಲೆಲ್ಲಿ ವಾಸಿಸಿದೆವು ಎಂದು ಪ್ರಮಾಣ ಮಾಡಿ ಹೇಳಬೇಕಾಗಿತ್ತು. ವಂಶಾವಳಿ ಹುಡುಕುವವರಿಗೆಂದೇ ಬರೆಸಿದಂತಿರುವ ಪ್ರಶ್ನೆಗಳಿವು. ವಿಧವೆಯರು ಮದುವೆಯನ್ನು ಸಾಬೀತುಪಡಿಸಲು ಮನೆಯ ಬೈಬಲ್‌ನ ಹಾಳೆಗಳನ್ನೇ ಹರಿದು ಅರ್ಜಿಯೊಂದಿಗೆ ಕಳಿಸಿದ ಉದಾಹರಣೆಗಳಿದ್ದು, ಆ ಹಾಳೆಗಳು ಇಂದಿಗೂ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿವೆ.

ಇದರಲ್ಲೂ ಸಿಗದಿದ್ದರೆ ಆಸ್ತಿಪಾಸ್ತಿಯ ಕಾಗದಪತ್ರಗಳಿಗೆ ಹೋಗಬೇಕು. ಜನನ ದಾಖಲೆಯಲ್ಲಿ ಸಿಗುವುದು ಒಂದು ಹೆಸರು; ಆ ಹೆಸರಿನ ಮಗುವೇ ಇಪ್ಪತ್ತೈದು ವರ್ಷಗಳ ನಂತರ ಮುನ್ನೂರು ಮೈಲಿ ದೂರದಲ್ಲಿ ಮದುವೆಯಾದನೆಂದು ಅದು ಹೇಳುವುದಿಲ್ಲ. ಉಯಿಲು, ಪಾಲುಪಟ್ಟಿ, ಕ್ರಯಪತ್ರಗಳು ಹೇಳುತ್ತವೆ. ತಂದೆ ಮ್ಯಾಸಚೂಸೆಟ್ಸ್‌ನಲ್ಲಿ ತೀರಿಕೊಂಡ ಮೇಲೆ ಪಶ್ಚಿಮ ನ್ಯೂಯಾರ್ಕ್‌ಗೆ ಹೋದ ಮಗ ತನ್ನ ಪಾಲನ್ನು ಅಣ್ಣನಿಗೋ ತಮ್ಮನಿಗೋ ಬಿಟ್ಟುಕೊಟ್ಟು ಬರೆದ ಪತ್ರದಲ್ಲಿ, ತಾನು ಜೆನೆಸೀ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) ಇಂಥ ಊರಿನವನು, ದಿವಂಗತ ಇಂಥವರ ಮಗ ಎಂದು ಬರೆದಿರುತ್ತಾನೆ. ಅಂಥ ಒಂದು ಪತ್ರ ಸಿಕ್ಕಿದರೆ ಎರಡು ರಾಜ್ಯಗಳ ನಡುವಿನ ಕೊಂಡಿ ಕೈಗೆ ಬಂದಂತೆ. ಮ್ಯಾಸಚೂಸೆಟ್ಸ್‌ನಲ್ಲಿ ಜಮೀನಿನ ಪತ್ರಗಳು ಕೌಂಟಿ ಮಟ್ಟದಲ್ಲಿ ಇರುತ್ತವೆ, ಕನೆಕ್ಟಿಕಟ್ ಮತ್ತು ವರ್ಮಾಂಟ್‌ಗಳಲ್ಲಿ ಊರಿನ ಕಚೇರಿಯಲ್ಲೇ ಇರುತ್ತವೆ. ಕೌಂಟಿಗಳ ಗಡಿಗಳೂ ಬದಲಾಗಿವೆ: ವುಸ್ಟರ್ ಕೌಂಟಿ 1731ರಲ್ಲಿ ರಚನೆಯಾದದ್ದರಿಂದ ಅಲ್ಲಿನ ಊರಿನ ಅದಕ್ಕೂ ಹಿಂದಿನ ಪತ್ರಗಳನ್ನು ಮಿಡ್ಲ್‌ಸೆಕ್ಸ್, ಸಫೋಕ್ ಅಥವಾ ಹ್ಯಾಂಪ್‌ಷೈರ್ ಕೌಂಟಿಯಲ್ಲಿ ಹುಡುಕಬೇಕು.

ಇದೆಲ್ಲದರ ಜೊತೆಗೆ ನೆರೆಯವರನ್ನು ಮರೆಯಬೇಡಿ. ಪಶ್ಚಿಮಕ್ಕೆ ಹೊರಟವರು ಒಬ್ಬೊಬ್ಬರಾಗಿ ಹೊರಟದ್ದು ಕಡಿಮೆ. ಒಂದೇ ಊರಿನ, ಒಂದೇ ಚರ್ಚಿನ ನಾಲ್ಕಾರು ಕುಟುಂಬಗಳು ಕೂಡಿ ಹೋಗಿ ಅಕ್ಕಪಕ್ಕದಲ್ಲಿ ಜಮೀನು ಹಿಡಿಯುತ್ತಿದ್ದವು. ನಿಮ್ಮ ವರನ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಹೆಸರಿರುವ ಪಕ್ಕದ ಜಮೀನಿನವರು, ಅದಕ್ಕೆ ಸಾಕ್ಷಿ ಹಾಕಿದವರು ಎಲ್ಲಿಂದ ಬಂದವರೆಂದು ಗೊತ್ತಾದರೆ ಅವನ ಊರೂ ಹತ್ತಿರವಾಗುತ್ತದೆ.

ಮ್ಯಾಸಚೂಸೆಟ್ಸ್‌ನ ಊರೊಂದನ್ನು ಆಧಾರಸಹಿತ ಮುಟ್ಟಿದ ಮೇಲೆ ಕೆಲಸ ಹಗುರವಾಗುತ್ತದೆ. ಜನನ, ಮದುವೆ, ಮರಣಗಳನ್ನು ದಾಖಲಿಸಬೇಕೆಂದು ಆ ವಸಾಹತು 1639ರಲ್ಲೇ ಆದೇಶಿಸಿತ್ತು. 1850ರವರೆಗಿನ ಈ ದಾಖಲೆಗಳು ಬಹಳಷ್ಟು ಊರುಗಳಿಗೆ ಪುಸ್ತಕರೂಪದಲ್ಲಿ ಅಚ್ಚಾಗಿವೆ. ಕನೆಕ್ಟಿಕಟ್‌ಗೆ ಊರಿನ ಇಂಥ ದಾಖಲೆಗಳನ್ನು ಒಟ್ಟುಗೂಡಿಸಿದ ಬಾರ್ಬರ್ ಸಂಗ್ರಹವಿದೆ. ಆದರೆ ಅಚ್ಚಿನಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿರುವುದರಿಂದ, ಮೂಲ ಪುಸ್ತಕದಲ್ಲಿ ಒಂದೇ ಪುಟದಲ್ಲಿದ್ದ ಒಡಹುಟ್ಟಿದವರು ಚದುರಿಹೋಗಿರುತ್ತಾರೆ. ಮೂಲ ಪುಟದ ಚಿತ್ರವನ್ನು ನೋಡದೆ ಬಿಡಬೇಡಿ. ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ಸಂಸ್ಥೆ ಇಂಥ ಲಕ್ಷಾಂತರ ಪುಟಗಳನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. ಶಿವಮೊಗ್ಗದಲ್ಲಿ ಕುಳಿತೇ ಅವನ್ನು ನೋಡಬಹುದು.

ಹೆಸರುಗಳನ್ನು ಓದುವಾಗ ಎಚ್ಚರ ಬೇಕು. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರಿರುವುದು ಅಲ್ಲಿ ಸಾಮಾನ್ಯ. ಹೆಸರಿನ ಮುಂದಿನ ಸೀನಿಯರ್, ಜೂನಿಯರ್ ಎಂಬುವು ತಂದೆ ಮಕ್ಕಳನ್ನೇ ಸೂಚಿಸಬೇಕೆಂದಿಲ್ಲ. ಚಿಕ್ಕಪ್ಪ ಮತ್ತು ಅಣ್ಣನ ಮಗನಾಗಿರಬಹುದು, ಸಂಬಂಧವೇ ಇಲ್ಲದ ಹಿರಿಯ ಕಿರಿಯರೂ ಆಗಿರಬಹುದು. ಹಿರಿಯವನು ಸತ್ತಾಗ ಜೂನಿಯರ್ ಆಗಿದ್ದವನು ಸೀನಿಯರ್ ಆಗುತ್ತಿದ್ದ. ಕಸಿನ್ ಎಂದು ಬರೆದಿದ್ದರೆ ಸೋದರಳಿಯನೂ ಆಗಬಹುದು, ಸನ್ ಇನ್ ಲಾ ಎಂದರೆ ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು. ಒಂದೇ ಹೆಸರಿನವರನ್ನು ಬೇರ್ಪಡಿಸಲು ಹೆಂಡತಿಯ ಹೆಸರು, ಜಮೀನಿನ ಗುರುತು, ಸಹಿ ಹಾಕುತ್ತಿದ್ದನೋ ಗುರುತು ಹಾಕುತ್ತಿದ್ದನೋ ಎಂಬಂಥ ಸಣ್ಣ ವಿವರಗಳೇ ಆಧಾರ.

ದಿನಾಂಕಗಳಲ್ಲೂ ಒಂದು ತೊಡಕಿದೆ. 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಮೇ 1690ರಲ್ಲಿ ಮದುವೆಯಾದವರಿಗೆ ಫೆಬ್ರವರಿ 1690ರಲ್ಲಿ ಮಗು ಹುಟ್ಟಿತೆಂದು ಬರೆದಿದ್ದರೆ ಗಾಬರಿಯಾಗಬೇಕಿಲ್ಲ; ಅದು ಒಂಬತ್ತು ತಿಂಗಳ ನಂತರದ, ನಮ್ಮ ಲೆಕ್ಕದ 1691ರ ಫೆಬ್ರವರಿ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿ 11, 1731. ಇಂದು ನಾವು ಹೇಳುವುದು ಫೆಬ್ರವರಿ 22, 1732.

ಮೊದಲ ವಲಸಿಗನ ಹಡಗಿನ ಹೆಸರು ಸಿಗದಿದ್ದರೆ ಬೇಸರ ಬೇಡ. ಹೊರದೇಶದಿಂದ ಬರುವ ಹಡಗುಗಳು ಪ್ರಯಾಣಿಕರ ಪಟ್ಟಿ ಒಪ್ಪಿಸಬೇಕೆಂಬ ಅಮೆರಿಕದ ರಾಷ್ಟ್ರೀಯ ನಿಯಮ 1820ರಲ್ಲಷ್ಟೇ ಜಾರಿಗೆ ಬಂತು. 1620-1640ರ ನಡುವೆ ನ್ಯೂ ಇಂಗ್ಲೆಂಡಿಗೆ ಬಂದ ಸುಮಾರು 20,000 ಜನರ ಪೈಕಿ ಮೊದಮೊದಲು ಬಂದವರ ಬಗ್ಗೆ ರಾಬರ್ಟ್ ಚಾರ್ಲ್ಸ್ ಆಂಡರ್ಸನ್ ಅವರು, 1845ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಾಲಾಜಿಕಲ್ ಸೊಸೈಟಿಯ ಆಶ್ರಯದಲ್ಲಿ, 1988ರಿಂದ ನಡೆಸಿದ ಗ್ರೇಟ್ ಮೈಗ್ರೇಷನ್ ಅಧ್ಯಯನವಿದೆ. ಒಬ್ಬೊಬ್ಬ ವಲಸಿಗನ ಬಗ್ಗೆ ಯಾವುದು ಸಾಬೀತಾಗಿದೆ, ಯಾವುದು ಬರಿಯ ಹೇಳಿಕೆ ಎಂದು ಅದರಲ್ಲಿ ಬಿಡಿಸಿ ಹೇಳಿದ್ದಾರೆ. ನಿಮ್ಮ ವಂಶವೃಕ್ಷ ಆ ಕಾಲವನ್ನು ಮುಟ್ಟಿದರೆ ಮೊದಲು ಅದನ್ನೇ ನೋಡಿ.

ಇನ್ನು ರಾಜವಂಶದ ಮಾತು. ಅದು ಅಸಾಧ್ಯವೇನೂ ಅಲ್ಲ. 1630ರ ದಶಕದಲ್ಲಿ ಬಾಸ್ಟನ್ನಿನಿಂದ ಗಡಿಪಾರಾದ ಆನ್ ಹಚಿನ್‌ಸನ್ ಅವರಂಥ ಕೆಲವು ವಲಸಿಗರು ಇಂಗ್ಲೆಂಡಿನ ರಾಜರ ಸಂತತಿಯವರೆಂದು ದಾಖಲೆಗಳಿಂದ ಸಾಬೀತಾಗಿದೆ. ಆದರೆ ಇಂಥ ಹಂಬಲವನ್ನು ಬಂಡವಾಳ ಮಾಡಿಕೊಂಡವರೂ ಇದ್ದರು. 20ನೇ ಶತಮಾನದ ಆರಂಭದಲ್ಲಿ ಗುಸ್ತಾವ್ ಆಂಝೂ ಎಂಬಾತ ನಿಜವಾದ ದಾಖಲೆಗಳ ನಡುವೆ ತಾನೇ ಸೃಷ್ಟಿಸಿದವನ್ನು ಸೇರಿಸಿ ಅಮೆರಿಕದ ಶ್ರೀಮಂತ ಮನೆತನಗಳಿಗೆ ವಂಶಾವಳಿಗಳನ್ನು ಮಾರಿದ. ಆ ವಂಶಾವಳಿಗಳು ಗ್ರಂಥಾಲಯಗಳಿಗೆ ಸೇರಿದವು, ಅಲ್ಲಿಂದ ಅಂತರ್ಜಾಲದ ವಂಶವೃಕ್ಷಗಳಿಗೂ ಹರಿದವು. ನಿಮಗೆ ಸಿಕ್ಕ ವಂಶವೃಕ್ಷದಲ್ಲಿ ಪ್ರತಿಯೊಂದು ತಂದೆ-ಮಗ ಸಂಬಂಧಕ್ಕೂ ಯಾವ ದಾಖಲೆಯನ್ನು ಕೊಟ್ಟಿದ್ದಾರೆಂದು ನೋಡಿ. ಆಧಾರವೆಂದು ಇನ್ನೊಂದು ವಂಶವೃಕ್ಷವನ್ನೇ ತೋರಿಸಿದ್ದರೆ ಅದು ಆಧಾರವಲ್ಲ.

ಡಿಎನ್‌ಎ ಪರೀಕ್ಷೆ ನೆರವಾಗುತ್ತದೆ, ಆದರೆ ನೀವು ನಿರೀಕ್ಷಿಸಿದ ಕಡೆ ಅಲ್ಲ. ತಂದೆತಾಯಿ ಇಬ್ಬರಿಂದಲೂ ಬರುವ ಸಾಮಾನ್ಯ ಡಿಎನ್‌ಎ ಪ್ರತಿ ತಲೆಮಾರಿಗೂ ಅರ್ಧವಾಗುತ್ತದೆ. ಹತ್ತು ತಲೆಮಾರು ಹಿಂದೆ ಒಬ್ಬರಿಗೆ 1,024 ಪೂರ್ವಜಸ್ಥಾನಗಳಿರುತ್ತವೆ, ಅವರಲ್ಲಿ ಬಹಳ ಜನರಿಂದ ಒಂದು ತುಣುಕೂ ಉಳಿದಿರುವುದಿಲ್ಲ. 1630ರ ವಲಸಿಗನನ್ನು ಅದು ಸಾಬೀತುಪಡಿಸಲಾರದು. 1796ರ ವರನ ಅಣ್ಣತಮ್ಮಂದಿರ ಸಂತತಿಯವರೊಡನೆ ಹೋಲಿಕೆ ಕಂಡುಬಂದರೆ ಮಾತ್ರ ಅದು ಒಳ್ಳೆಯ ಪೂರಕ ಸಾಕ್ಷ್ಯ. ಮನೆತನದಲ್ಲಿ ಅತಿ ಹಿರಿಯರಾದವರಿಂದಲೇ ಪರೀಕ್ಷೆ ಮಾಡಿಸಿ, ಅವರು ಒಂದೆರಡು ತಲೆಮಾರು ಹತ್ತಿರದವರು.

ಪ್ರಶ್ನೆ: ನನ್ನ ಅಳಿಯ ಆಫ್ರಿಕನ್ ಅಮೆರಿಕನ್, ವರ್ಜೀನಿಯಾ ಮೂಲದವರು. 1870ಕ್ಕಿಂತ ಹಿಂದೆ ಏನೂ ಸಿಗುವುದಿಲ್ಲವೆಂದು ಅವರ ಮನೆಯವರು ಕೈಚೆಲ್ಲಿದ್ದಾರೆ. ನಿಜವೇ?
— ಓದುಗರು, ಮೈಸೂರು

ಉತ್ತರ: ಪೂರ್ತಿ ನಿಜವಲ್ಲ. ಗುಲಾಮರಾಗಿದ್ದವರು ಜನಗಣತಿಯಲ್ಲಿ ಹೆಸರು ಸಮೇತ ಮೊದಲು ಕಾಣುವುದು 1870ರಲ್ಲೇ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಯಜಮಾನನ ಹೆಸರಿನ ಕೆಳಗೆ ಬರಿಯ ವಯಸ್ಸು, ಲಿಂಗ, ಬಣ್ಣ ಇರುತ್ತದೆ. ಆದರೆ ಬಿಡುಗಡೆಯಾದ ಗುಲಾಮರ ನೆರವಿಗೆಂದು ಸರ್ಕಾರ 1865ರಿಂದ 1872ರವರೆಗೆ ನಡೆಸಿದ ಫ್ರೀಡ್‌ಮೆನ್ಸ್ ಬ್ಯೂರೋ ಕಡತಗಳನ್ನೂ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆದಾರರ ದಾಖಲೆಗಳನ್ನೂ ನೋಡಿ. ಬ್ಯಾಂಕಿನ ದಾಖಲೆಗಳಲ್ಲಿ ತಂದೆತಾಯಿ, ಒಡಹುಟ್ಟಿದವರು, ಕೆಲವೊಮ್ಮೆ ಹಳೆಯ ಯಜಮಾನನ ಹೆಸರೂ ಸಿಗುತ್ತದೆ. ವರ್ಜೀನಿಯಾದಲ್ಲಿ 1866ರಲ್ಲಿ ಕೂಡಿ ಬಾಳುತ್ತಿದ್ದ ದಂಪತಿಗಳ ರಿಜಿಸ್ಟರ್‌ಗಳನ್ನು ತಯಾರಿಸಿದರು. ಉಳಿದುಬಂದಿರುವ ಕೌಂಟಿಗಳಲ್ಲಿ ಅವು ಚಿನ್ನದಂಥ ದಾಖಲೆ, ಏಕೆಂದರೆ ಹುಟ್ಟಿದ ಕೌಂಟಿ ಮತ್ತು ಕೊನೆಯ ಯಜಮಾನನ ಹೆಸರು ಅಲ್ಲೇ ಇವೆ.

ಯಜಮಾನ ಯಾರೆಂದು ತಿಳಿದ ಮೇಲೆ ಅವನ ಮನೆತನದ ವಂಶಾವಳಿಯನ್ನೂ ನೀವೇ ಕಟ್ಟಬೇಕಾಗುತ್ತದೆ. ಅಹಿತಕರವಾದರೂ ಬೇರೆ ದಾರಿಯಿಲ್ಲ. ಅವನ ಉಯಿಲಿನಲ್ಲಿ, ಸತ್ತ ಮೇಲೆ ಮಾಡಿದ ಆಸ್ತಿ ಪಟ್ಟಿಯಲ್ಲಿ, ದನಕರು ಪೀಠೋಪಕರಣಗಳ ನಡುವೆ ಮನುಷ್ಯರ ಹೆಸರು ಮತ್ತು ಬೆಲೆ ಬರೆದಿರುತ್ತಾರೆ. ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತದೆಂದು 1662ರಲ್ಲಿ ವರ್ಜೀನಿಯಾ ಕಾಯ್ದೆ ಮಾಡಿದ್ದರಿಂದ, ತಾಯಿಯ ಯಜಮಾನನನ್ನು ಹಿಡಿದು ಹೋಗಬೇಕೇ ಹೊರತು ತಂದೆಯ ಯಜಮಾನನನ್ನಲ್ಲ. ಅಳಿಯನ ಅಡ್ಡಹೆಸರು ಕೊನೆಯ ಯಜಮಾನನದೇ ಎಂದು ಭಾವಿಸಬೇಡಿ. ಪೂರ್ವಜರು ಮೊದಲೇ ಸ್ವತಂತ್ರರಾಗಿದ್ದ ಸಾಧ್ಯತೆಯನ್ನೂ ಪರಿಶೀಲಿಸಿ: ಸ್ವತಂತ್ರ ಕಪ್ಪು ಜನರು ಹೆಸರು ನೋಂದಾಯಿಸಬೇಕೆಂದು 1793ರಿಂದ ಕಾಯ್ದೆಯಿತ್ತು, ಮತ್ತು 1791ರಲ್ಲಿ ಅಲ್ಲಿನ ದೊಡ್ಡ ಜಮೀನುದಾರ ಮೂರನೆಯ ರಾಬರ್ಟ್ ಕಾರ್ಟರ್ ತನ್ನ ಗುಲಾಮರಿಗೆ ಬರೆದ ಬಿಡುಗಡೆ ಪತ್ರದಲ್ಲಿ 450ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಕೆಲವು ಕೌಂಟಿಗಳ ಪುಸ್ತಕಗಳು 1865ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ರಾಜಧಾನಿ ರಿಚ್ಮಂಡ್ ಹೊತ್ತಿ ಉರಿದಾಗ ನಾಶವಾದವು. ಸುರಕ್ಷಿತವಾಗಿರಲೆಂದು ಅವನ್ನು ಅಲ್ಲಿಗೆ ಕಳಿಸಿದ್ದರು. ನಿಮ್ಮ ಕೌಂಟಿ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಲೈಬ್ರರಿ ಆಫ್ ವರ್ಜೀನಿಯಾದಲ್ಲಿ ವಿಚಾರಿಸಿಕೊಂಡು ಮುಂದುವರಿಯಿರಿ.

ಪ್ರಶ್ನೆ: ವಸಾಹತು ಕಾಲದಲ್ಲಿ ನಮ್ಮ ದೇಶದವರು ಯಾರಾದರೂ ಅಮೆರಿಕದಲ್ಲಿದ್ದರೇ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಇದ್ದರು, ಕೆಲವೇ ಕೆಲವರು. ವರ್ಜೀನಿಯಾದಲ್ಲಿ ಒಬ್ಬ ವ್ಯಕ್ತಿಯನ್ನು ಕರೆತಂದವನಿಗೆ 50 ಎಕರೆ ಜಮೀನು ಕೊಡುವ ಪದ್ಧತಿಯಿತ್ತು. 1635ರಲ್ಲಿ ಜಾರ್ಜ್ ಮೆನಿಫಿ ಎಂಬಾತ ಹಾಗೆ ಜಮೀನು ಪಡೆದಾಗ ಕೊಟ್ಟ ಹೆಸರುಗಳಲ್ಲಿ ಟೋನಿ ಎಂಬ ಈಸ್ಟ್ ಇಂಡಿಯನ್ ಒಬ್ಬನಿದ್ದಾನೆ. ಮೇರಿಲ್ಯಾಂಡ್ ಮತ್ತು ವರ್ಜೀನಿಯಾಗಳ ಮುಂದಿನ ಕಾಲದ ಕಡತಗಳಲ್ಲೂ ಈಸ್ಟ್ ಇಂಡಿಯನ್ ಎಂದು ಗುರುತಿಸಿದ ಆಳುಗಳು, ಗುಲಾಮರು ಕಾಣುತ್ತಾರೆ. ಆದರೆ ಪೂರ್ವದ ಯಾವ ನಾಡಿನಿಂದ ಬಂದವರಿಗೂ ಆ ಹೆಸರು ಸಲ್ಲುತ್ತಿದ್ದುದರಿಂದ ಅವರು ಯಾವ ಪ್ರಾಂತದವರೆಂದು ಅದೊಂದರಿಂದಲೇ ನಿರ್ಧರಿಸಲಾಗದು. ಬರಿಯ ಇಂಡಿಯನ್ ಎಂದಿದ್ದರೆ ಅದು ಹೆಚ್ಚಿನಂಶ ಅಲ್ಲಿನ ಮೂಲನಿವಾಸಿಗಳನ್ನು ಕುರಿತದ್ದು.