ಚೆನ್ನಾಗಿ ಮಾತಾಡಿದರೆ ಆಟಿಸಂ ಇಲ್ಲ ಅಂತಾನಾ?

ಪ್ರಶ್ನೆ: ನನಗೆ 27 ವರ್ಷ. ತೀರ್ಥಹಳ್ಳಿ ಕಡೆಯವನು. ಬಿ.ಕಾಂ. ಆಗಿದೆ, ಮನೆಯಲ್ಲೇ ಕೂತು ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಆಟಿಸಂ ಅಂತ ಗೊತ್ತಾಗಿದ್ದು ಎರಡು ವರ್ಷದ ಹಿಂದೆ. ಅಂಗವಿಕಲರ ಸರ್ಟಿಫಿಕೇಟಿಗೆ ಹೋದರೆ ‘ಓದಿದ್ದೀಯ, ಇಷ್ಟು ಚೆನ್ನಾಗಿ ಮಾತಾಡ್ತೀಯ, ನಿನಗೆಂಥದು’ ಅಂತ ವಾಪಸ್ ಕಳಿಸಿದರು. ಮತ್ತೆ ಅರ್ಜಿ ಹಾಕಲಾ ಮೇಡಂ?
– ಹೆಸರು ಬೇಡ

ಉತ್ತರ: ಹಾಕಿ. ಖಂಡಿತ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮಕ್ಕಳಿಗೆ ಮಾತ್ರ ಅಂತಾಗಲಿ, ಡಿಗ್ರಿ ಆದವರಿಗಿಲ್ಲ ಅಂತಾಗಲಿ ಅದರಲ್ಲಿ ಬರೆದಿಲ್ಲ.

ನನ್ನ ತಮ್ಮನಿಗೂ ಆಟಿಸಂ ಇದೆ, ಹಾಗಾಗಿ ನಾವು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡ್ತೇನೆ. ತಪಾಸಣೆಯಲ್ಲಿ ‘ಸ್ನಾನ ತಾನೇ ಮಾಡ್ತಾನಾ’ ಅಂತ ಕೇಳಿದರು. ಅಮ್ಮ ‘ಹೂಂ, ಮಾಡ್ತಾನೆ’ ಅಂದುಬಿಟ್ಟರು. ಆದರೆ ನಮ್ಮ ಮನೆಯಲ್ಲಿ ಆಗೋದು ಹೀಗೆ: ಹಂಡೆ ನೀರು ಹದ ಮಾಡಿಕೊಡೋದು ಅಮ್ಮ, ಟವೆಲ್ ಇಡೋದು ಅಮ್ಮ, ಬಚ್ಚಲಮನೆ ಬಾಗಿಲ ಹೊರಗೆ ನಿಂತು ‘ಈಗ ಸೋಪು ಹಾಕು, ಈಗ ತಲೆಗೆ ನೀರು ಹುಯ್ಕೋ’ ಅಂತ ಒಂದೊಂದೇ ಹೇಳೋದೂ ಅಮ್ಮ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಅದು ಸಹಾಯ ಅಂತ ಅವರಿಗೇ ಅನ್ನಿಸಿರಲಿಲ್ಲ.

ಆಟಿಸಂ ಅಳೆಯೋಕೆ ಇಲ್ಲಿ ಐಸಾ ಅನ್ನುವ ಪಟ್ಟಿ ಬಳಸುತ್ತಾರೆ. 40 ಅಂಶ, ಒಂದೊಂದು ಎಷ್ಟು ಸಲ ಆಗುತ್ತದೆ ಅಂತ ನೋಡಿ 1ರಿಂದ 5 ಅಂಕ. 70 ಅಂಕಕ್ಕಿಂತ ಕಡಿಮೆ ಬಂದರೆ ಆಟಿಸಂ ಅಂತ ಲೆಕ್ಕಕ್ಕಿಲ್ಲ. ಹಾಗಾಗಿ ‘ಪರವಾಗಿಲ್ಲ, ಹೇಗೋ ಮಾಡ್ತೀನಿ’ ಅನ್ನೋ ಮಾತು ಅಲ್ಲಿ ಬೇಡ. ಈಗಲೇ ಒಂದು ನೋಟ್‌ಬುಕ್ ಇಟ್ಟು ಎರಡು ವಾರ ಬರೀರಿ. ಅಡಿಕೆ ಸುಲಿಯೋ ಮಷಿನ್ ಶಬ್ದಕ್ಕೆ ಎಷ್ಟು ಹೊತ್ತು ಕಿವಿ ಮುಚ್ಚಿ ಕೂತಿರಿ, ಬಸ್ ತಪ್ಪಿದ ದಿನ ಏನಾಯಿತು, ಫೋನ್ ಬಂದರೆ ಯಾರು ಎತ್ತುತ್ತಾರೆ, ಯಾರೂ ನೆನಪಿಸದಿದ್ದರೆ ಊಟ ಮಾಡ್ತೀರಾ. ಜಾಸ್ತಿ ಮಾಡಿ ಬರೆಯೋದು ಬೇಡ, ಇದ್ದದ್ದನ್ನೇ ಬರೀರಿ ಸಾಕು.

ಅರ್ಜಿ ಹಾಕೋದು ಸರ್ಕಾರದ ಸ್ವಾವಲಂಬನ್ ವೆಬ್‌ಸೈಟಿನಲ್ಲಿ, ಸರ್ಟಿಫಿಕೇಟಿಗೂ ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ). ಒಬ್ಬರೇ ಕೂತು ತುಂಬೋಕೆ ಕಷ್ಟ ಆದರೆ ಗ್ರಾಮ ಪಂಚಾಯ್ತಿಯಲ್ಲಿ ಅಂಗವಿಕಲರ ಕೆಲಸ ನೋಡುವ ವಿ.ಆರ್.ಡಬ್ಲ್ಯು. ಇರ್ತಾರೆ, ಕೇಳಿ. ವೈಕಲ್ಯದ ಪ್ರಮಾಣ 40% ಅಥವಾ ಜಾಸ್ತಿ ಅಂತ ಬಂದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ ಆಗುತ್ತದೆ. ಕಾರ್ಡ್ ಬಂತು ಅಂತ ಪಿಂಚಣಿ ತಾನಾಗೇ ಬರಲ್ಲ, ಅದಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ, ಅಲ್ಲಿ ಆದಾಯವನ್ನೂ ನೋಡ್ತಾರೆ. ನಿರಾಮಯ ಆರೋಗ್ಯ ವಿಮೆಯನ್ನು ಮಾತ್ರ ಬಿಡಬೇಡಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ.

ಈ ಸಲವೂ ಆಗಲ್ಲ ಅಂದರೆ ಬಾಯಿಮಾತು ಕೇಳಿ ಎದ್ದು ಬರಬೇಡಿ. ಕಾರಣವನ್ನು ಬರೆದು ಕೊಡಬೇಕು ಅಂತ ನಿಯಮವೇ ಇದೆ. ಆ ಕಾಗದ ಕೈಗೆ ಬಂದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಹೋಗುವಾಗ ಮನೆಯಲ್ಲಿ ನಿಮ್ಮನ್ನು ದಿನಾ ನೋಡುವವರು ಯಾರೋ ಅವರನ್ನೇ ಕರ್ಕೊಂಡು ಹೋಗಿ, ನೋಟ್‌ಬುಕ್ ಅವರ ಕೈಲಿರಲಿ. ಅಲ್ಲಿ ನಿಮಗೆ ಮಾತು ಕಟ್ಟಿಹೋದರೆ ಅವರು ಓದಿ ಹೇಳ್ತಾರೆ.