ಹಿಮೋಫಿಲಿಯಾ ವಾರ್ಡಿನ ಹುಡುಗರು ನನ್ನೊಂದಿಗೆ ಮಾತೇ ಆಡುವುದಿಲ್ಲ. ಅವರಿಗೆ ಧೈರ್ಯ ತುಂಬುವುದು ಹೇಗೆ?

ನೀವು ಹತ್ತಿರ ಹೋದೊಡನೆ ಗೋಡೆಯ ಕಡೆಗೆ ಹೊರಳಿ ಮಲಗುವ ಹುಡುಗರ ಬಗ್ಗೆ ಓದಿದಾಗ, ಹದಿಮೂರು ವರ್ಷಗಳ ಹಿಂದಿನ ನನ್ನ ವಾರ್ಡೇ ಕಣ್ಣ ಮುಂದೆ ಬಂದಿತು. ಆಪ್ತಸಮಾಲೋಚಕರಾಗಿ ಸೇರಿ ಎರಡು ತಿಂಗಳಾದವು, ಯಾವ ವಿಧಾನದಿಂದ ಧೈರ್ಯ ತುಂಬಲಿ, ಪ್ರತ್ಯೇಕ ಕೊಠಡಿಗಾಗಿ ಹೋರಾಡಲೇ ಎಂದು ಕೇಳಿದ್ದೀರಿ. ಮೊದಲು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ಏಕೆಂದರೆ ನಾನೂ ಆಗ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಓಡಾಡುತ್ತಿದ್ದೆ.

ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದಕ್ಕೆ ಸೇರಿದ ಮೂರನೆಯ ವಾರದಲ್ಲಿ, ಎಂಟು ವರ್ಷದ ಹುಡುಗನೊಬ್ಬನನ್ನು ತಂದೆ ಹೆಗಲ ಮೇಲೆ ಹೊತ್ತು ತಂದರು. ಬಲ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು. ತೀವ್ರ ಸ್ವರೂಪದ ಹಿಮೋಫಿಲಿಯಾ ಎ, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನ್ ಸಹಜ ಮಟ್ಟದ ಶೇ 1ಕ್ಕಿಂತಲೂ ಕಡಿಮೆ. ಆ ಫ್ಯಾಕ್ಟರನ್ನು ನರದ ಮೂಲಕ ಹಾಕಿದ ನಂತರ ನಾನು ಕುಟುಂಬದವರನ್ನು ಹಾಸಿಗೆಯ ಪಕ್ಕದಲ್ಲೇ ಸೇರಿಸಿದೆ. ಅಲ್ಲಿ ಮೂರು ಕುರ್ಚಿಗಳಿದ್ದವು: ಒಂದರಲ್ಲಿ ನಾನು, ಒಂದರಲ್ಲಿ ತಂದೆ, ಇನ್ನೊಂದರಲ್ಲಿ ಅಜ್ಜಿ. ತಾಯಿ ಹಾಸಿಗೆಯ ಕಾಲಿನ ಬಳಿ ನಿಂತೇ ಇದ್ದರು. ಮಾಹಿತಿ ಸಿಕ್ಕರೆ ಭಯ ಕಡಿಮೆಯಾಗುತ್ತದೆ ಎಂದು ನಮಗೆ ಕಲಿಸಿದ್ದರು, ಅದರಲ್ಲಿ ತಪ್ಪೇನೂ ಇಲ್ಲ. ನಾನು ಹಾಳೆಯ ಮೇಲೆ ವರ್ಣತಂತುಗಳ ಚಿತ್ರ ಬರೆದು, "ಈ ದೋಷ ಎಕ್ಸ್ ವರ್ಣತಂತುವಿನಲ್ಲಿ ಇರುತ್ತದೆ, ತಾಯಿಯಿಂದ ಮಗನಿಗೆ ಬರುತ್ತದೆ" ಎಂದು ಅತ್ಯಂತ ಸ್ಪಷ್ಟವಾಗಿ ವಿವರಿಸಿದೆ.

ಅಜ್ಜಿ ಹಾಳೆಯನ್ನು ನೋಡಲೂ ಇಲ್ಲ. "ಹಂಗಾದ್ರ ಇದು ನಮ್ಮ ಮನಿತನದ್ದಲ್ಲ, ಅಕಿ ತವರಿಂದ ಬಂದದ್ದು" ಎಂದು ಮಗನ ಕಡೆ ತಿರುಗಿ ಹೇಳಿದರು. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಕ್ಷಣದಲ್ಲಿ ನನಗೆ ಅನ್ನಿಸಿದ್ದು ಇಷ್ಟೇ: ಅಜ್ಜಿಗೆ ಸಹ ವಿಷಯ ಅರ್ಥವಾಯಿತಲ್ಲ.

ಮುಂದಿನ ಎಂಟು ತಿಂಗಳಲ್ಲಿ ಹುಡುಗ ಮೂರು ಸಲ ದಾಖಲಾದ. ಪ್ರತಿ ಸಲವೂ ಅದೇ ಮೊಣಕಾಲು, ಪ್ರತಿ ಸಲವೂ ಬಾವು ಬಂದು ಎರಡು ಮೂರು ದಿನಗಳಾದ ಮೇಲೆ. ನಾನು ಕಡತದಲ್ಲಿ "ಪೋಷಕರ ನಿರ್ಲಕ್ಷ್ಯ" ಎಂದು ಬರೆದೆ. ನಿಜವಾದ ಕಾರಣ ತಿಳಿದದ್ದು ನನಗಲ್ಲ, ನರ ಹುಡುಕುತ್ತಾ ಅವನ ಕೈ ಹಿಡಿದುಕೊಂಡು ಕುಳಿತಿದ್ದ ಸಿಸ್ಟರ್‌ಗೆ. ಯಾಕೋ ಮೊದಲೇ ಹೇಳಲಿಲ್ಲ ಎಂದು ಅವರು ಸುಮ್ಮನೆ ಕೇಳಿದ್ದಕ್ಕೆ ಅವನು, "ಹೇಳಿದ್ರ ಅವ್ವಗ ಬೈತಾರ" ಎಂದ. ಆ ದಿನ ನಾನು ಹೇಳಿದ್ದನ್ನೆಲ್ಲ ಅವನು ಹಾಸಿಗೆಯ ಮೇಲೆ ಮಲಗಿಕೊಂಡೇ ಕೇಳಿಸಿಕೊಂಡಿದ್ದ. ಪದೇ ಪದೇ ರಕ್ತ ತುಂಬಿದ ಕೀಲಿನ ಒಳಪೊರೆ ದಪ್ಪವಾಗಿ, ಇನ್ನೂ ಸುಲಭವಾಗಿ ರಕ್ತ ಸ್ರವಿಸುತ್ತದೆ, ಕ್ರಮೇಣ ಮೃದ್ವಸ್ಥಿ ಸವೆಯುತ್ತದೆ. ಆ ಹುಡುಗನಿಗೀಗ ಇಪ್ಪತ್ತೊಂದು ವರ್ಷ. ಅವನ ಬಲಗಾಲು ಪೂರ್ತಿ ನೇರವಾಗುವುದಿಲ್ಲ.

ನನ್ನ ತಪ್ಪನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಏಕೆಂದರೆ ಅದು ಸುಳ್ಳು ಹೇಳಿದ ತಪ್ಪಲ್ಲ. ಹೇಳಿದ್ದು ಅರ್ಧ ಸತ್ಯ, ಹೇಳಿದ ಜಾಗ ತಪ್ಪು, ಬಳಸಿದ ಪದ ಇನ್ನೂ ತಪ್ಪು. ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ಕುಟುಂಬದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ, ಜೀನ್‌ನಲ್ಲಿ ಹೊಸದಾಗಿ ಬದಲಾವಣೆ ಆಗಿರುತ್ತದೆ. ಅದನ್ನು ನಾನು ಹೇಳಲಿಲ್ಲ. ಹಿಮೋಫಿಲಿಯಾ ಇರುವ ತಂದೆಯಿಂದ ಅವನ ಹೆಣ್ಣುಮಕ್ಕಳೆಲ್ಲರಿಗೂ ಆ ಜೀನ್ ಹೋಗುತ್ತದೆ, ಆದ್ದರಿಂದ ಇದು ಹೆಂಗಸರ ಕಡೆಯ ಕಾಯಿಲೆ ಎಂಬ ಮಾತಿಗೆ ಅರ್ಥವಿಲ್ಲ. ಅದನ್ನೂ ಹೇಳಲಿಲ್ಲ. "ದೋಷ" ಎಂಬ ಪದ ಪ್ರಯೋಗಾಲಯದಲ್ಲಿ ಒಂದು ಅರ್ಥ ಕೊಡುತ್ತದೆ. ಸರ್ಪದೋಷ, ಜಾತಕದೋಷಗಳಿಗೆ ಪೂಜೆ ಮಾಡಿಸಿ ಸೋತು ಬಂದ ಮನೆಯವರ ಕಿವಿಯಲ್ಲಿ ಅದು ಬೇರೆಯದೇ ಅರ್ಥ ಕೊಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆ ತಾಯಿಯ ಆರೋಗ್ಯವನ್ನು ನಾನು ವಿಚಾರಿಸಲೇ ಇಲ್ಲ. ವಾಹಕಿಯರಲ್ಲಿಯೂ, ಅಂದರೆ ಈ ಜೀನ್ ಹೊತ್ತ ಹೆಂಗಸರಲ್ಲಿಯೂ, ಫ್ಯಾಕ್ಟರ್ ಮಟ್ಟ ಕಡಿಮೆ ಇರಬಹುದು. ಹೆರಿಗೆಯಾದ ಮೇಲೆ ವಾರಗಟ್ಟಲೆ ರಕ್ತ ಹೋಗುತ್ತಿತ್ತು, ಅದನ್ನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ ಎಂದು ಆಕೆ ನನಗೆ ಹೇಳಿದ್ದು ನಾಲ್ಕು ವರ್ಷಗಳ ನಂತರ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಹುಡುಗರಿಗೆ ಧೈರ್ಯದ ಕೊರತೆ ಇಲ್ಲ, ಇರುವುದು ವಿಪರೀತ ಧೈರ್ಯ. ಬಾವು ಕಾಣುವ ಮೊದಲೇ ಕೀಲಿನಲ್ಲಿ ಜುಮ್ಮೆನ್ನುವುದು, ಬೆಚ್ಚಗಾಗುವುದು ಅವರಲ್ಲಿ ಬಹಳಷ್ಟು ಜನರಿಗೆ ಗೊತ್ತಾಗುತ್ತದೆ. ಫ್ಯಾಕ್ಟರ್ ಹಾಕಿಸಿಕೊಳ್ಳಬೇಕಾದದ್ದು ಆಗಲೇ, ಅವರು ಹಲ್ಲು ಕಚ್ಚಿ ಸುಮ್ಮನಿರುವುದೂ ಆಗಲೇ. ಅಪ್ಪನ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಅವ್ವನಿಗೆ ಬೀಳುವ ಬೈಗುಳ ಇವೆಲ್ಲದರ ಲೆಕ್ಕ ಅವರಿಗೆ ಬಾಯಿಪಾಠವಾಗಿರುತ್ತದೆ. ಅಂಥವರಿಗೆ ಇನ್ನಷ್ಟು ಧೈರ್ಯ ತುಂಬಿದರೆ ಇನ್ನೂ ಒಂದು ದಿನ ತಡವಾಗಿ ಹೇಳುತ್ತಾರೆ. "ಅಳಲೇ ಇಲ್ಲ, ಜಾಣ" ಎಂಬ ಹೊಗಳಿಕೆಯನ್ನು ನಾನು ವಾರ್ಡಿನಲ್ಲಿ ನಿಲ್ಲಿಸಿಬಿಟ್ಟೆ. ಅದರ ಬದಲು "ಬೇಗ ಹೇಳಿದೆ, ಒಳ್ಳೆಯದಾಯಿತು" ಎನ್ನುತ್ತೇನೆ. "ಎಲ್ಲಿ ಬಿದ್ದೆ?" ಎಂದು ಕೇಳುವುದನ್ನೂ ನೀವು ಬಿಡಬೇಕು. ತೀವ್ರ ಹಿಮೋಫಿಲಿಯಾದಲ್ಲಿ ಬೀಳದೆಯೂ, ಏಟು ತಗಲದೆಯೂ ರಕ್ತಸ್ರಾವವಾಗುತ್ತದೆ, ಆ ಪ್ರಶ್ನೆ ಅವರಿಗೆ ಪೊಲೀಸ್ ವಿಚಾರಣೆಯಂತೆ ಕೇಳಿಸುತ್ತದೆ.

ವಿಧಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋವು ಇಳಿಯುವವರೆಗೆ ಯಾವ ಪ್ರಶ್ನಾವಳಿಯನ್ನೂ ತೆಗೆಯಬೇಡಿ. ತಲೆನೋವು ಎಂದವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡಲು ಕೂರಬೇಡಿ, ಮೊದಲು ವೈದ್ಯರನ್ನು ಕರೆಯಿರಿ. ಮಿದುಳಿನ ರಕ್ತಸ್ರಾವದಲ್ಲಿ ಕಾಯಲು ಸಮಯವಿರುವುದಿಲ್ಲ. ಸೂಜಿಗೆ ಹೆದರುವ ಮಗುವಿಗೆ ನೋವಾಗುವುದಿಲ್ಲ ಎಂದು ಸುಳ್ಳು ಹೇಳದೆ, ಯಾವ ಕೈಗೆ ಚುಚ್ಚಬೇಕು ಎಂಬುದನ್ನು ಅದಕ್ಕೇ ಬಿಡಿ. ಬದುಕುವುದೇ ಬೇಡ ಎಂದು ಯಾರಾದರೂ ಹೇಳಿದರೆ ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳದೆ ಅಂದೇ ಮನೋವೈದ್ಯರಿಗೆ ತಿಳಿಸಿ. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವ ಬಗ್ಗೆ, ಕೆಲಸಕ್ಕೆ ಸೇರುವ ಬಗ್ಗೆ ದೊಡ್ಡವರು ಸಲಹೆ ಕೇಳುತ್ತಾರೆ; ಅಲ್ಲಿ ನಮ್ಮ ಮಾತಿಗಿಂತ ಅದನ್ನು ದಾಟಿ ಬಂದವರ ಮಾತಿಗೆ ತೂಕ ಹೆಚ್ಚು. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿಯವರಿಗೇ ಈ ಕಾಯಿಲೆ ಇದೆ. ನಮ್ಮ ವಾರ್ಡಿನ ಹುಡುಗನೊಬ್ಬ ಇದನ್ನು ಕೇಳಿದ ದಿನ, "ಡಾಕ್ಟರಿಗೂ ಮೊಣಕಾಲು ಊದುತ್ತದಾ ಮೇಡಂ?" ಎಂದು ಎದ್ದು ಕುಳಿತಿದ್ದ. ಅಲ್ಲಿಯವರೆಗೆ ಅವನೂ ಗೋಡೆಯ ಕಡೆಗೇ ಮಲಗಿದ್ದ.

ಕೊಠಡಿಯ ವಿಷಯಕ್ಕೆ ಬಂದರೆ, ಖಂಡಿತ ಕೇಳಿ, ಆದರೆ ಹುಡುಗರಿಗಾಗಿ ಅಲ್ಲ. ಅವರೊಂದಿಗಿನ ಮಾತು ಹಾಸಿಗೆಯ ಪಕ್ಕದಲ್ಲಿ, ಫ್ಯಾಕ್ಟರ್ ಹೋಗುವ ಆ ಕೆಲವೇ ನಿಮಿಷಗಳಲ್ಲಿ ತಾನಾಗಿ ನಡೆಯುತ್ತದೆ. ಕೊಠಡಿ ಬೇಕಾಗಿರುವುದು ತಾಯಂದಿರಿಗೆ. ಬಾಗಿಲು ಒಳಗಿನಿಂದ ಹಾಕುವಂತಿರಲಿ, ಕುರ್ಚಿಗಳು ಎರಡೇ ಇರಲಿ.