ಕಡಲಲ್ಲಿ ಮೀನು ಸಾಕುವ ಪಂಜರ ತೇಲುತ್ತಿರುವುದು ಕಂಡರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಹೊನ್ನಾವರದಿಂದ ಗೆಳೆಯರ ಜೊತೆ ಗಾಳ ಹಾಕಲು ಹೋಗಿದ್ದಿರಿ. ದಡದಿಂದ ಆರೇಳು ಮೈಲು ಹೊರಗೆ ಕಪ್ಪು ಪೈಪಿನ ದೊಡ್ಡ ಬಳೆಯೊಂದು ಒಂದು ಕಡೆ ಮುಳುಗಿ ತೇಲುತ್ತಿತ್ತು. ಅದೇನು, ಎಳೆದು ತರಬಹುದಿತ್ತಾ, ಯಾರಿಗೆ ಹೇಳಬೇಕಿತ್ತು ಅಂತ ಕೇಳಿದ್ದೀರಿ.

ಅದು ಪಂಜರ ಮೀನು ಕೃಷಿಯ ಚೌಕಟ್ಟು, ಕಟ್ಟಿದ ಜಾಗದಿಂದ ಕಿತ್ತು ಬಂದದ್ದು. ನೀವು ಹೇಳಿದ ಅಳತೆ, ಮೇಲಿನ ಕೈಹಿಡಿ ಪೈಪು ಎರಡೂ ಅದಕ್ಕೇ ಹೊಂದುತ್ತವೆ. ಎಳೆದು ತರದೇ ಬಂದದ್ದು ಒಳ್ಳೆಯದಾಯ್ತು. ಯಾರಿಗೂ ಹೇಳದೇ ಬಂದದ್ದು ಮಾತ್ರ ಸರಿಯಲ್ಲ. ನಿಮ್ಮನ್ನು ಬೈಯಲು ಹೇಳುತ್ತಿಲ್ಲ. ಗೊತ್ತಿಲ್ಲದವರಿಗೆ ಅದು ಸುಮ್ನೆ ಒಂದು ಪೈಪಿನ ತುಂಡಾಗಿ ಕಾಣುತ್ತದೆ, ಅಷ್ಟೇ.

ನಾನು ಬೈಂದೂರು ಕಡೆಯವನು. ಮೊದಲು ಮಲ್ಪೆಯಲ್ಲಿ ಟ್ರಾಲ್ ಬೋಟಿಗೆ ಹೋಗುತ್ತಿದ್ದೆ, ಈಗ ಚಿಕ್ಕಪ್ಪನ ಜೊತೆ ನಮ್ಮದೇ ನಾಡದೋಣಿಯಲ್ಲಿ ಹೋಗುತ್ತೇನೆ. ಇಂಥದ್ದು ನನಗೆ ಎರಡು ಸಲ ಎದುರಾಗಿದೆ.

ಮೊದಲು ಅದರ ರಚನೆ ಹೇಳುತ್ತೇನೆ. ಅದು ತಿಳಿದರೆ ಅಪಾಯ ಎಲ್ಲಿದೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ತೆರೆದ ಕಡಲಿನಲ್ಲಿ ಪಂಜರ ಹಾಕಿ ಮೀನು ಸಾಕುವುದನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2007ರಲ್ಲಿ ವಿಶಾಖಪಟ್ಟಣದಲ್ಲಿ ಶುರು ಮಾಡಿತು. ಆಮೇಲೆ ಕಾರವಾರದ ಕೇಂದ್ರದಲ್ಲೂ ಕೋಬಿಯಾ, ಸೀಬಾಸ್ ಮೀನು ಸಾಕಿದರು. ಈಗ ಜಾಸ್ತಿ ಬಳಕೆಯಲ್ಲಿರುವುದು 6 ಮೀಟರ್ ಅಗಲದ ಗುಂಡಗಿನ ಪಂಜರ. ಮೇಲೆ ತೇಲುವುದಕ್ಕೆ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪೈಪಿನ ಬಳೆಗಳು. ಅದರಿಂದ ಕೆಳಗೆ ಚೀಲದ ಹಾಗೆ ಇಳಿಬಿಟ್ಟ ಒಳಬಲೆ. ಅದನ್ನು ಸುತ್ತಿಕೊಂಡು ದಪ್ಪ ಹೆಣಿಗೆಯ ಹೊರಬಲೆ. ಬಲೆ ನೇರ ನಿಲ್ಲಲಿ ಅಂತ ಅಡಿಯಲ್ಲಿ ಭಾರದ ಇನ್ನೊಂದು ಬಳೆ. ಇಷ್ಟನ್ನೂ ಒಂದೇ ಜಾಗದಲ್ಲಿ ಹಿಡಿದಿಡಲು ಕಬ್ಬಿಣದ ಸರಪಳಿ. ಅದರ ತುದಿಗೆ ಕಲ್ಲು ತುಂಬಿದ ಟನ್‌ಗಟ್ಟಲೆ ಭಾರದ ತಂತಿ ಪೆಟ್ಟಿಗೆಯೋ ಲಂಗರೋ ಇರುತ್ತದೆ.

ನಿಮಗೆ ಕಂಡದ್ದು ಮೇಲಿನ ಪೈಪು ಮಾತ್ರ. ಉಳಿದದ್ದೆಲ್ಲ ನೀರಿನ ಕೆಳಗಿತ್ತು.

ಬೈಂದೂರು, ಕುಂದಾಪುರ ಕಡೆಯ ಹೊಳೆಗಳಲ್ಲಿ ಹಾಕುವ ಪಂಜರ ಬೇರೆ ಥರ. ಜಿಐ ಪೈಪಿನ ಚೌಕ, ಅದಕ್ಕೆ ಕಟ್ಟಿದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು. ಮಳೆಗಾಲದಲ್ಲಿ ನೆರೆ ಬಂದರೆ ಅಳಿವೆ ದಾಟಿ ಕಡಲಿಗೆ ಬಂದುಬಿಡುತ್ತವೆ. ಚೌಕಟ್ಟಿಗೆ ಕಟ್ಟಿದ ಡ್ರಮ್ ಆದರೆ ಅದು ಪಂಜರದ್ದು. ಒಂಟಿ ಡ್ರಮ್ ಮುಚ್ಚಳ ಬಿಗಿಯಾಗಿ ತೇಲುತ್ತಿದ್ದರೆ ಮುಟ್ಟಲೇಬೇಡಿ. 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಕಂಟೇನರುಗಳು ಕೇರಳದ ದಡಕ್ಕೆ ಬಂದವು. ಕೆಲವದರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು, ನೀರು ತಾಗಿದರೆ ಬೆಂಕಿ ಹತ್ತುವ ಅನಿಲ ಬಿಡುವಂಥದ್ದು. 200 ಮೀಟರ್ ದೂರ ಇರಿ, 112ಕ್ಕೆ ಫೋನ್ ಮಾಡಿ ಅಂತ ಅಲ್ಲಿನ ಸರ್ಕಾರ ಜನರಿಗೆ ಹೇಳಿತ್ತು. ಗುರುತಿಲ್ಲದ ಡ್ರಮ್ಮಿಗೂ ನಾನು ಅದೇ ನಿಯಮ ಪಾಲಿಸುತ್ತೇನೆ.

ಈಗ ನನ್ನ ಅನುಭವ. 2021ರ ಮೇ ತಿಂಗಳು. ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಡಿದು ನಾಲ್ಕೈದು ದಿನ ಆಗಿತ್ತು. ಕಡಲು ಸ್ವಲ್ಪ ತಣ್ಣಗಾಗಿದೆ ಅಂತ ನಾವು ನಾಲ್ಕು ಜನ ದೋಣಿ ಇಳಿಸಿದೆವು. ಬೆಳಕು ಹರಿಯುವ ಹೊತ್ತಿಗೆ ದೂರದಲ್ಲಿ ಕಡಲಹಕ್ಕಿಗಳು ನೀರಿನ ಮೇಲೇ ಕೂತ ಹಾಗೆ ಕಂಡವು. ಹತ್ತಿರ ಹೋದ ಹಾಗೆ ಸಾಲು ಗುಂಡಗಾಯ್ತು. ಹಕ್ಕಿಗಳು ಕೂತಿದ್ದದ್ದು ಪೈಪಿನ ಮೇಲೆ.

ತೇಲುವ ವಸ್ತುವಿನ ಅಡಿಯಲ್ಲಿ ಮೀನು ಸೇರುತ್ತದೆ ಅಂತ ಮೀನು ಹಿಡಿಯುವವರಿಗೆಲ್ಲ ಗೊತ್ತು. ಮರದ ದಿಮ್ಮಿ ಸಿಕ್ಕರೂ ಒಂದು ಸುತ್ತು ಹಾಕಿಯೇ ಬರುತ್ತೇವೆ. ಕೋಬಿಯಾಕ್ಕಂತೂ ಆ ನೆರಳು ಅಂದರೆ ಇಷ್ಟ. ಅದೇ ಆಸೆಯಲ್ಲಿ ನಾನು ಇಂಜಿನ್ ನಿಧಾನ ಮಾಡಿ ಹತ್ತಿರ ಬಿಟ್ಟೆ. ಚಿಕ್ಕಪ್ಪ "ಹತ್ರ ಬೇಡ, ಮೊದ್ಲು ಇಂಜಿನ್ ನಿಲ್ಸು ಮಾರಾಯ" ಅಂದರು. ಅವರ ಮಾತು ಮುಗಿಯುವಷ್ಟರಲ್ಲಿ ನೀರೊಳಗಿನ ಫ್ಯಾನಿಗೆ (ಪ್ರೊಪೆಲ್ಲರ್) ಹಗ್ಗ ಸುತ್ತಿ ಇಂಜಿನ್ ನಿಂತಿತು. ಬಳೆ ಇನ್ನೂ ಮೂವತ್ತು ಮೀಟರ್ ದೂರ ಇತ್ತು. ಕಡಿದುಹೋದ ಹಗ್ಗ ನೀರಿನ ಮೇಲ್ಪದರದಲ್ಲೇ ಹರಡಿಕೊಂಡಿತ್ತು. ನೈಲಾನ್ ಹಗ್ಗ ಮುಳುಗುತ್ತದೆ, ಪಾಲಿಪ್ರೊಪಿಲೀನ್ ಹಗ್ಗ ಮುಳುಗುವುದಿಲ್ಲ. ಬಿಸಿಲು ಹೊಳೆಯುವ ನೀರಿನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ.

ದೋಣಿಯ ಹಿಂದೆ ಹೊರಗೆ ಕೂರಿಸುವ ಔಟ್‌ಬೋರ್ಡ್ ಇಂಜಿನ್ ಅಲ್ವಾ, ಎತ್ತಿ ಹಗ್ಗ ಬಿಡಿಸಿದರಾಯ್ತು ಅಂತ ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಆದರೆ ಹಗ್ಗದ ಆಚೆ ತುದಿಯಲ್ಲಿ ಬಲೆ ಸಮೇತ ಪಂಜರದ ಭಾರ ಇತ್ತು. ನಮ್ಮ ದೋಣಿಯ ಹಿಂಭಾಗವನ್ನೇ ಕಂಬಕ್ಕೆ ಕಟ್ಟಿದ ಹಾಗೆ ಆಯ್ತು. ಮುಂದಿನ ತೆರೆಗೆ ದೋಣಿ ಏಳಲು ನೋಡಿತು, ಹಗ್ಗ ಬಿಡಲಿಲ್ಲ. ತೆರೆ ಹಿಂದಿನಿಂದ ಒಳಗೇ ಬಂತು. ಎರಡನೇ ತೆರೆಗೆ ನೀರು ಮೊಣಕಾಲು ಮುಟ್ಟಿತು. ಚಿಕ್ಕಪ್ಪ ಹೊಟ್ಟೆಯ ಮೇಲೆ ಮಲಗಿ, ಕೈ ಚಾಚಿ, ಸೊಂಟದ ಕತ್ತಿಯಲ್ಲಿ ಹಗ್ಗ ಕೊಯ್ದರು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು. ಮೂರನೇ ತೆರೆ, ನಾಲ್ಕನೇ ತೆರೆ ಬಂದಿದ್ದರೆ ಇವತ್ತು ಈ ಉತ್ತರ ಬರೆಯಲು ನಾನು ಇರುತ್ತಿರಲಿಲ್ಲ. ಆಮೇಲೆ ನಾನು ಹಗ್ಗ ಕೊಯ್ಯುವ ಕತ್ತಿಯನ್ನು ಪೆಟ್ಟಿಗೆಯೊಳಗೆ ಇಟ್ಟದ್ದಿಲ್ಲ. ಅದು ಇಂಜಿನಿನ ಪಕ್ಕದಲ್ಲೇ ಇರುತ್ತದೆ.

ಹುಟ್ಟು ಹಾಕಿಕೊಂಡು ದೂರ ಸರಿದ ಮೇಲೆ ನೋಡಿದೆವು. ಹರಿದ ಹೊರಬಲೆಯಲ್ಲಿ ಒಂದು ಕಡಲಾಮೆ ಸಿಕ್ಕಿ ಸತ್ತಿತ್ತು. ನಮ್ಮ ದಡಕ್ಕೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲಿ. ಪಂಜರ ಕಿತ್ತು ಹೋದರೆ ಬಲೆ ತನ್ನ ಪಾಡಿಗೆ ಹಿಡಿಯುತ್ತಲೇ ಇರುತ್ತದೆ, ತೆಗೆಯುವವರು ಯಾರೂ ಇಲ್ಲ. ಆ ದಿನದಿಂದ ನನಗೆ ಇದು ಬರೀ ದೋಣಿಯ ಅಪಾಯದ ವಿಷಯವಾಗಿ ಉಳಿದಿಲ್ಲ.

ನಿಮ್ಮ ಎರಡನೇ ಪ್ರಶ್ನೆ, ಎಳೆದು ತರಬಹುದಿತ್ತಾ ಅಂತ. ಸಣ್ಣ ದೋಣಿಯಲ್ಲಿ ಬೇಡವೇ ಬೇಡ. ಬಲೆ ಇಳಿದ ಪಂಜರ ನೀರನ್ನು ಬಕೆಟ್ಟಿನ ಹಾಗೆ ಹಿಡಿದುಕೊಳ್ಳುತ್ತದೆ. ಬಲೆಯ ಕಣ್ಣಿಗೆ ಪಾಚಿ, ಪಚ್ಚಿಲೆ ಚಿಪ್ಪು ಕಟ್ಟಿದ್ದರೆ ಭಾರ ಇನ್ನೂ ಜಾಸ್ತಿ. ಅದು ಎಷ್ಟಾಗಬಹುದು ಅಂತ ಒಂದು ದೂರದ ಉದಾಹರಣೆ ಕೊಡುತ್ತೇನೆ. 2017ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೈಪ್ರಸ್ ದ್ವೀಪದ ಹತ್ತಿರ ಸಾಲ್ಮನ್ ಸಾಕುವ ಇಡೀ ಪಂಜರ ಸಮೂಹವೇ ಕುಸಿಯಿತು. ಒಳಗೆ ಸುಮಾರು 3 ಲಕ್ಷ ಮೀನು ಇತ್ತು, ಬಹುಪಾಲು ಹೊರಗೆ ಹೋಯಿತು. ಬಲೆಯನ್ನು ಸರಿಯಾಗಿ ತೊಳೆಯದೇ ಇದ್ದದ್ದು ಮುಖ್ಯ ಕಾರಣ ಅಂತ ಸರ್ಕಾರದ ತನಿಖೆ ಹೇಳಿತು. ಬಲೆಗೆ ಅಂಟಿದ್ದ ಚಿಪ್ಪು, ಪಾಚಿಯ ಭಾರವೇ ಸುಮಾರು 110 ಟನ್. ಅಷ್ಟು ಕಟ್ಟಿಕೊಂಡ ಬಲೆಗೆ ನೀರಿನ ಸೆಳೆತ ಗೋಡೆಗೆ ತಳ್ಳಿದ ಹಾಗೆ ತಳ್ಳುತ್ತದೆ, ಲಂಗರು ತಡೆಯುವುದಿಲ್ಲ. ಮುಂದಿನ ವರ್ಷವೇ ಆ ರಾಜ್ಯ ಹೊರಗಿನ ಜಾತಿಯ ಮೀನನ್ನು ಹಾಗೆ ಸಾಕುವುದನ್ನು ನಿಲ್ಲಿಸುವ ಕಾನೂನು ತಂದಿತು. ಬಿರುಗಾಳಿಯೊಂದೇ ಸಾಕಾಗುವುದೂ ಉಂಟು. 2020ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಕ್ಯಾರಡೇಲ್‌ನಲ್ಲಿ ಎಲೆನ್ ಬಿರುಗಾಳಿಗೆ ಲಂಗರು ಕಿತ್ತು ಪಂಜರಗಳು ಸರಿದವು, 48,800ರಷ್ಟು ಸಾಲ್ಮನ್ ತಪ್ಪಿಸಿಕೊಂಡವು.

ನಮ್ಮ ಪಂಜರ ಅಷ್ಟು ದೊಡ್ಡದಲ್ಲ. ಆದರೂ ಎಳೆಯುವಾಗ ನಿಜವಾದ ಅಪಾಯ ಬರುವುದು ದಡ ಹತ್ತಿರವಾದಾಗ. ಆಳದಲ್ಲಿ ನೇತಾಡುತ್ತಿದ್ದ ಸರಪಳಿ ನೀರು ಕಡಿಮೆಯಾದ ಕೂಡಲೇ ನೆಲ ಮುಟ್ಟಿ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅದೂ ಅಳಿವೆ ಬಾಗಿಲಲ್ಲಿ, ತೆರೆ ಒಡೆಯುವ ಕಡೆ, ಹಾಗೆ ಆದರೆ ದೋಣಿ ಮಗುಚುತ್ತದೆ. ನಮಗೆ ಸಿಕ್ಕ ಬಳೆಯನ್ನು ಎರಡು ದಿನ ಬಿಟ್ಟು ದೊಡ್ಡ ಬೋಟಿನವರು ತಂದರು. ಮೊದಲು ಬಲೆಯನ್ನು ವಿಂಚ್‌ನಲ್ಲಿ ಮೇಲೆತ್ತಿದರು, ಸರಪಳಿ ಬಿಡಿಸಿದರು, ಆಮೇಲೆ ಬರಿಯ ಬಳೆಯನ್ನು ಎಳೆದರು. ಕೆಲಸ ಗೊತ್ತಿದ್ದವರು ಹಾಗೇ ಮಾಡುವುದು.

ಹಾಗಾದರೆ ನಿಮ್ಮಂಥವರು ಮಾಡಬೇಕಾದ್ದು ಏನು? ಕಂಡ ಕೂಡಲೇ ವೇಗ ಇಳಿಸಿ, ನೂರು ಮೀಟರಿಗಿಂತ ಹತ್ತಿರ ಹೋಗಬೇಡಿ. ಗಾಳಿ ಬರುವ ಕಡೆ ನಿಲ್ಲಬೇಡಿ. ಅಲ್ಲಿ ನಿಂತಾಗ ಇಂಜಿನ್ ಕೈಕೊಟ್ಟರೆ ಗಾಳಿ ನಿಮ್ಮನ್ನು ನೇರ ಅದರ ಮೇಲೆ ಒಯ್ಯುತ್ತದೆ. ಮೊಬೈಲಿನಲ್ಲಿ ಜಿಪಿಎಸ್ ಜಾಗ ಮತ್ತು ಗಂಟೆ ಬರೆದುಕೊಳ್ಳಿ. ಜೂಮ್ ಮಾಡಿ ಫೋಟೊ ತೆಗೆಯಿರಿ. ಸಾಧ್ಯವಾದರೆ ಅರ್ಧ ಗಂಟೆ ಅಲ್ಲೇ ಇದ್ದು ಇನ್ನೊಂದು ಸಲ ಜಾಗ ಬರೆದುಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಹುಡುಕುವವರಿಗೆ ಅತಿ ಉಪಯೋಗದ್ದು ಇದೇ. ಅರ್ಧ ಗಂಟೆಯಲ್ಲಿ ಕಾಲು ನಾಟಿಕಲ್ ಮೈಲು ತೆಂಕಕ್ಕೆ ಸರಿದಿದ್ದರೆ, ಹನ್ನೆರಡು ಗಂಟೆಯಲ್ಲಿ ಅದು 6 ನಾಟಿಕಲ್ ಮೈಲು, ಅಂದರೆ 11 ಕಿಲೋಮೀಟರ್ ಹೋಗಿರುತ್ತದೆ. ನಾಳೆ ಬೆಳಿಗ್ಗೆ ಎಲ್ಲಿ ಹುಡುಕಬೇಕು ಅಂತ ಅಷ್ಟರಿಂದಲೇ ಅಂದಾಜು ಸಿಗುತ್ತದೆ.

ದೋಣಿಯಲ್ಲಿ ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್‌ನಲ್ಲಿ ಹೇಳಿ, ಸುತ್ತಲಿನ ಬೋಟಿನವರಿಗೆಲ್ಲ ಒಟ್ಟಿಗೆ ಕೇಳುತ್ತದೆ. ಫೋನ್ ಸಿಗ್ನಲ್ ಬಂದ ಕೂಡಲೇ ಕೋಸ್ಟ್ ಗಾರ್ಡ್‌ನ 1554, ಇಲ್ಲವೇ ಕರಾವಳಿ ಕಾವಲು ಪೊಲೀಸರ 1093. ಎರಡೂ ಬರೀ ಮುಳುಗುವವರಿಗೆ ಇರುವ ನಂಬರು ಅಂತ ಸಂಕೋಚ ಬೇಡ. ದಾರಿಯಲ್ಲಿ ಅಪಾಯದ ವಸ್ತು ತೇಲುತ್ತಿರುವುದು ಕಂಡರೆ ತಿಳಿಸಲೇಬೇಕು ಅಂತ ದೊಡ್ಡ ಹಡಗಿನ ಕ್ಯಾಪ್ಟನ್‌ಗೂ ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ನಿಯಮ ಇದೆ. ಪ್ಲಾಸ್ಟಿಕ್ ಪೈಪು, ಅದೂ ನೀರಿಗೆ ಅಂಟಿಕೊಂಡ ಹಾಗೆ ತೇಲುವಂಥದ್ದು, ರೇಡಾರ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ರಾತ್ರಿ ಬರುವ ಬೋಟಿಗೆ ನೀವು ಕೊಟ್ಟ ಮಾಹಿತಿಯೇ ದೀಪ.

ಇನ್ನೆರಡು ವಿಷಯ ಗಮನಿಸಿ ಹೇಳಿದರೆ ಮಾಲೀಕನನ್ನು ಹುಡುಕುವುದು ಸುಲಭ. ಒಂದು, ಪೈಪಿನ ಮೇಲೆ ಉದ್ದ ಕುತ್ತಿಗೆಯ ಸಣ್ಣ ಬಿಳಿ ಚಿಪ್ಪುಗಳು ಜೋತಾಡುತ್ತಿವೆಯಾ ಅಂತ. ಆ ಚಿಪ್ಪು ತೇಲಿಹೋಗುವ ವಸ್ತುಗಳಿಗೇ ಅಂಟುವುದು. ಅದು ದೊಡ್ಡದಾಗಿ ಬೆಳೆದಿದ್ದರೆ ಪಂಜರ ಕಿತ್ತು ವಾರಗಳೇ ಆಗಿವೆ. ಇನ್ನೊಂದು, ತಿಂಗಳು. ಮಳೆಗಾಲದ ತಿಂಗಳುಗಳಲ್ಲಿ ನಮ್ಮ ಕರಾವಳಿಯ ನೀರು ತೆಂಕಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗಕ್ಕೆ. ಆದ್ದರಿಂದ ಮೇ ಕೊನೆಯಲ್ಲಿ ಸಿಕ್ಕಿದ್ದನ್ನು ಬಡಗು ಕಡೆಯಲ್ಲಿ ವಿಚಾರಿಸಬೇಕು. ನಮಗೆ ಸಿಕ್ಕಿದ್ದರ ಮಾಲೀಕ ಸಿಕ್ಕಿದ್ದೂ ಹಾಗೇ.

ಅವನು ಇಪ್ಪತ್ತೆಂಟು ಮೂವತ್ತರ ಹುಡುಗ. ಮೀನುಗಾರರ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಫೋಟೊ ನೋಡಿ ಫೋನ್ ಮಾಡಿದ. ಪೈಪಿಗೆ ತಾನೇ ಸುತ್ತಿದ್ದ ಕೆಂಪು ಹಗ್ಗದಿಂದ ಗುರುತು ಹಿಡಿದನಂತೆ. ಮೊದಲು ಕೇಳಿದ್ದು "ಅಣ್ಣ, ಒಳಗೆ ಮೀನು ಏನಾದ್ರೂ ಉಳಿದಿತ್ತಾ?" ಅಂತ. ಇರಲಿಲ್ಲ. ಆಗ ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಕಡಲಿನ ಒಂದು ಪಂಜರದ ಘಟಕ ವೆಚ್ಚ 5 ಲಕ್ಷ ರೂಪಾಯಿ, ಸಾಮಾನ್ಯ ವರ್ಗಕ್ಕೆ ಸಹಾಯಧನ 40 ಶೇಕಡ ಇತ್ತು. ಉಳಿದದ್ದು ಅವನ ಸಾಲ. ಬಳೆ ಸಿಕ್ಕರೆ ಬಲೆ ಮಾತ್ರ ಹೊಸದು ಹಾಕಿ ಮತ್ತೆ ಶುರು ಮಾಡಬಹುದು, ಸಿಗದಿದ್ದರೆ ಅಲ್ಲಿಗೇ ಮುಗಿಯಿತು. ಸಿಕ್ಕವನದ್ದೇ ವಸ್ತು ಅನ್ನುವವರು ನಮ್ಮಲ್ಲೂ ಇದ್ದಾರೆ. ಆ ಹುಡುಗನ ಜೊತೆ ಮಾತಾಡಿದ ಮೇಲೆ ನಾನು ಆ ಮಾತನ್ನು ಒಪ್ಪುವುದಿಲ್ಲ. ಒಳಗೆ ಮೀನು ಉಳಿದಿದ್ದರೂ ಅದು ಅವನದ್ದೇ.

ಎರಡನೇ ಸಲ ಕಂಡದ್ದು ಹೊಳೆಯ ಪಂಜರ, ಎರಡು ನೀಲಿ ಡ್ರಮ್ ಮತ್ತು ಮುರಿದ ಚೌಕಟ್ಟು. ದೂರದಿಂದಲೇ ಜಾಗ ಬರೆದುಕೊಂಡು 1093ಕ್ಕೆ ಹೇಳಿ ಬಂದೆವು. ಹತ್ತು ನಿಮಿಷದ ಕೆಲಸ.

ನೀವು ನೋಡಿ ಒಂದು ವಾರ ಆಯ್ತು ಅಂತ ಬರೆದಿದ್ದೀರಿ. ತಡ ಆಯ್ತು ಅಂತ ಬಿಡಬೇಡಿ. ಮೊಬೈಲಿನಲ್ಲಿ ತೆಗೆದ ಫೋಟೊದ ವಿವರ ತೆರೆದು ನೋಡಿ, ಲೊಕೇಶನ್ ಆನ್ ಇದ್ದಿದ್ದರೆ ಜಾಗ ಮತ್ತು ಗಂಟೆ ಅದರಲ್ಲೇ ಇರುತ್ತದೆ. ಅದನ್ನು ಇವತ್ತೇ 1093ಕ್ಕೆ ಹೇಳಿ, ಹೊನ್ನಾವರದ ಮೀನುಗಾರಿಕೆ ಇಲಾಖೆಯ ಕಚೇರಿಗೂ ಒಂದು ಪ್ರತಿ ಕೊಡಿ. ಫೋಟೊವನ್ನು ಇಲ್ಲಿ ಹಾಕಿದರೆ ನಮ್ಮ ಕಡೆಯ ಗುಂಪುಗಳಿಗೆ ನಾನು ಕಳಿಸುತ್ತೇನೆ.